ಕವಿತೆಗೆ ಮರಳುವ ದಾರಿ: ಕಿವಿಯಿಂದ ಶುರುಮಾಡಿ

14 ವರ್ಷ ನಾನು ಒಂದು ಕವಿತೆಯನ್ನೂ ಬರೆಯಲಿಲ್ಲ. ಒಂದು ಸಂಜೆ ಕಚೇರಿಯ ವಾರ್ಷಿಕ ವರದಿ ತಿದ್ದುತ್ತಾ ಕೂತಿದ್ದಾಗ ಒಂದೇ ವಾಕ್ಯವನ್ನು ಐದು ಸಲ ಬದಲಾಯಿಸಿದೆ. ಮೊದಲ ಸಲವೇ ಅದರ ಅರ್ಥ ಸರಿಯಿತ್ತು, ವ್ಯಾಕರಣವೂ ಸರಿಯಿತ್ತು. ಆದರೂ ವಾಕ್ಯ ಕೊನೆಗೆ ಬಂದು ಎಡವುತ್ತಿತ್ತು. 'ಪೂರ್ಣಗೊಳಿಸಲಾಗಿದೆ' ಎಂಬುದನ್ನು ತೆಗೆದು 'ಮುಗಿದಿದೆ' ಎಂದು ಹಾಕಿದ ಮೇಲೆ ಕಾಲೂರಿ ನಿಂತಿತು. ಅಷ್ಟು ವರ್ಷ ಬರೆಯುವುದು ನಿಂತಿತ್ತೇ ಹೊರತು ಕೇಳುವುದು ನಿಂತಿರಲಿಲ್ಲ ಎಂದು ನನಗೆ ಗೊತ್ತಾದದ್ದು ಆವತ್ತು.

ಕವಿತೆಗೆ ಮರಳಲು ಬಯಸುವ ಬಹಳ ಮಂದಿ ಭಾವನೆಯಿಂದ ಶುರುಮಾಡುತ್ತಾರೆ. ಒಳಗೆ ಏನೋ ತುಂಬಿಕೊಂಡಿದೆ, ಅದನ್ನು ಹೊರಗೆ ಹಾಕಬೇಕು ಎಂದು ಕೂರುತ್ತಾರೆ. ಎರಡು ಪುಟವಾದ ಮೇಲೆ ಓದಿಕೊಂಡರೆ ಅದು ಹಳೆಯ ಕವಿತೆಯ ಮಸುಕು ಪ್ರತಿಯಂತೆ ಕಾಣುತ್ತದೆ, ಪುಸ್ತಕ ಮುಚ್ಚಿಬಿಡುತ್ತಾರೆ. ನಾನೂ ಹಾಗೆ ಎರಡು ಸಲ ಮರಳಲು ನೋಡಿ ಸೋತೆ. ಮೂರನೆಯ ಸಲ ಕಿವಿಯಿಂದ ಶುರುಮಾಡಿದೆ, ನಿಲ್ಲಲಿಲ್ಲ. ಈ ಬರಹದಲ್ಲಿರುವುದು ಆ ಮೂರನೆಯ ಸಲದ ಕ್ರಮ. ಸುಮಾರು ಮೂರು ತಿಂಗಳು ಹಿಡಿಯುತ್ತದೆ. ಅವಸರ ಮಾಡಬೇಡಿ.

1. ಏಕೆ ನಿಂತಿತು ಎಂಬುದನ್ನು ಬರೆದಿಡಿ

ಮೊದಲು ಒಂದು ಪುಟ ಗದ್ಯ. ಕವಿತೆ ನಿಂತದ್ದು ಯಾವಾಗ, ಆ ಹೊತ್ತಿಗೆ ಬದುಕಿನಲ್ಲಿ ಏನು ನಡೆಯುತ್ತಿತ್ತು, ಕೊನೆಯ ಕವಿತೆ ಯಾವುದು. ಯಾರಿಗೂ ತೋರಿಸಬೇಕಿಲ್ಲ. ಆದರೆ ನಿಜವಾದ ಕಾರಣ ಸಿಗುವವರೆಗೆ ಬರೆಯಿರಿ. 'ಸಮಯ ಸಿಗಲಿಲ್ಲ' ಎಂಬುದು ಸಾಮಾನ್ಯವಾಗಿ ಮೊದಲ ಉತ್ತರ. ಅದರ ಕೆಳಗೆ ಇನ್ನೊಂದು ಇರುತ್ತದೆ.

ಇದು ಮುಖ್ಯ, ಏಕೆಂದರೆ ನಿಂತ ಕಾರಣಕ್ಕೆ ತಕ್ಕಂತೆ ಮರಳುವ ದಾರಿಯೂ ಬೇರೆಯಾಗುತ್ತದೆ. ಇಂಗ್ಲಿಷ್ ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ 1868ರಲ್ಲಿ ಪಾದ್ರಿಯಾಗಲು ಹೊರಟಾಗ ತನ್ನ ಕವಿತೆಗಳನ್ನು ಸುಟ್ಟುಬಿಟ್ಟ. ಕವಿತೆ ತನ್ನ ವ್ರತಕ್ಕೆ ಹೊಂದುವುದಿಲ್ಲ ಎಂಬುದು ಅವನ ನಂಬಿಕೆ. ಏಳು ವರ್ಷ ಹೆಚ್ಚುಕಡಿಮೆ ಏನೂ ಬರೆಯಲಿಲ್ಲ. 1875ರ ಡಿಸೆಂಬರಿನಲ್ಲಿ ಒಂದು ಹಡಗು ಮುಳುಗಿ ಐವರು ಸನ್ಯಾಸಿನಿಯರು ಸತ್ತ ಸುದ್ದಿ ಬಂತು. ಅದರ ಬಗ್ಗೆ ಯಾರಾದರೂ ಬರೆದರೆ ಚೆನ್ನಾಗಿತ್ತು ಎಂದು ಮಠದ ಹಿರಿಯರು ಅಂದರು. ಹಾಪ್ಕಿನ್ಸನಿಗೆ ಬೇಕಿದ್ದದ್ದು ಅನುಮತಿ, ಅದು ಸಿಕ್ಕಿತು. ಆಮೇಲೆ ಅವನು ಗೆಳೆಯನಿಗೆ ಬರೆದ ಪತ್ರದಲ್ಲಿ, ಹೊಸದೊಂದು ಲಯದ ಮಾರ್ದನಿ ಬಹುಕಾಲದಿಂದ ತನ್ನ ಕಿವಿಯನ್ನು ಕಾಡುತ್ತಿತ್ತು, ಅದನ್ನೇ ಕಾಗದದ ಮೇಲೆ ಇಳಿಸಿದೆ ಎಂದಿದ್ದಾನೆ. ಆ ಏಳು ವರ್ಷವೂ ಅವನ ಕಿವಿ ಕೆಲಸ ಮಾಡುತ್ತಲೇ ಇತ್ತು.

ಅಮೆರಿಕದ ಜಾರ್ಜ್ ಓಪನ್ ಅವರದು ಬೇರೆಯದೇ ಕಾರಣ. 1934ರಲ್ಲಿ ಮೊದಲ ಸಂಕಲನ, ಎರಡನೆಯದು 1962ರಲ್ಲಿ. ನಡುವಿನ ಕಾಲದಲ್ಲಿ ನಿರುದ್ಯೋಗಿಗಳನ್ನು ಸಂಘಟಿಸಿದರು, ಯುದ್ಧದಲ್ಲಿ ಗಾಯಗೊಂಡರು, ಮೆಕ್ಸಿಕೋದಲ್ಲಿ ಮರಗೆಲಸ ಮಾಡಿದರು. ರಾಜಕೀಯದ ಕೆಲಸಕ್ಕೆ ಕವಿತೆಯನ್ನು ಬಳಸಲು ಅವರಿಗೆ ಮನಸ್ಸಿರಲಿಲ್ಲ. ಆದ್ದರಿಂದ ಕವಿತೆಯನ್ನೇ ಬದಿಗಿಟ್ಟರು. 1958ರಲ್ಲಿ ಮತ್ತೆ ಶುರುಮಾಡಿದಾಗ ಅವರ ಬಳಿ 24 ವರ್ಷ ಕೈಯಾರೆ ಮಾಡಿದ ಕೆಲಸದ ಅನುಭವವಿತ್ತು, ಹೊಸ ಕವಿತೆಗಳು ಅದರ ಮೇಲೆ ನಿಂತವು.

ನಮ್ಮವರೇ ಆದ ಕೆ.ಎಸ್. ನರಸಿಂಹಸ್ವಾಮಿ ಅವರನ್ನು ನೋಡಿ. 1960ರಲ್ಲಿ 'ಮನೆಯಿಂದ ಮನೆಗೆ' ಬಂದಮೇಲೆ ಮುಂದಿನ ಸಂಕಲನಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಹಾಗೆ ಬಂದ 'ತೆರೆದ ಬಾಗಿಲು' ಸಂಕಲನಕ್ಕೇ 1977ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ನಿಮ್ಮ ಕಾರಣ ಕೆಲಸ, ಮಕ್ಕಳು, ಆಯಾಸ ಎಂದಾದರೆ ನಿಮಗೆ ಬೇಕಿರುವುದು ಸಣ್ಣ, ಕದಲದ ಸಮಯ. ಯಾರೋ ಒಬ್ಬರ ಮಾತು ಚುಚ್ಚಿ ನಿಂತಿದ್ದರೆ, ಮೊದಲ ಮೂರು ತಿಂಗಳು ಯಾರಿಗೂ ತೋರಿಸದೆ ಬರೆಯುವ ಭದ್ರತೆ ಬೇಕು. ಕವಿತೆಯಿಂದ ಏನು ಪ್ರಯೋಜನ ಎಂಬ ಸಂಶಯದಿಂದ ನಿಂತಿದ್ದರೆ ಆ ಸಂಶಯವನ್ನೇ ಮೊದಲ ಕವಿತೆಯ ವಸ್ತು ಮಾಡಿಕೊಳ್ಳಿ. ನನ್ನದು ಎರಡನೆಯ ಬಗೆ. ಒಂದು ಗೋಷ್ಠಿಯಲ್ಲಿ ಹಿರಿಯರೊಬ್ಬರು ನನ್ನ ಕವಿತೆ ಕೇಳಿ 'ಇದನ್ನು ಈಗಾಗಲೇ ಬೇರೆಯವರು ಬರೆದಿದ್ದಾರೆ' ಅಂದರು. ಅವರ ಮಾತು ನಿಜವಾಗಿತ್ತು ಎಂದು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು. ಒಪ್ಪಿಕೊಂಡ ಮೇಲೆ ಹಗುರವಾಯಿತು.

2. ಕಿವಿಯನ್ನು ಎಬ್ಬಿಸಿ: ಮೊದಲ ಮೂರು ವಾರ

ಈ ಮೂರು ವಾರ ಏನೂ ಬರೆಯಬೇಡಿ. ಬರೆಯುವ ಆಸೆ ಬಂದರೂ ತಡೆದುಕೊಳ್ಳಿ. ದಿನಕ್ಕೆ ಕಾಲು ಗಂಟೆ ಗಟ್ಟಿಯಾಗಿ ಓದುವುದಷ್ಟೇ ಕೆಲಸ. ಮನಸ್ಸಿನೊಳಗೆ ಓದಿದರೆ ಲೆಕ್ಕಕ್ಕಿಲ್ಲ; ನಾಲಿಗೆ, ಉಸಿರು, ಕಿವಿ ಮೂರೂ ಸೇರಬೇಕು. ಒಂದು ವಾರ ಛಂದಸ್ಸಿರುವ ಹಳೆಯ ಪದ್ಯ, ಒಂದು ವಾರ ವಚನ ಮತ್ತು ತ್ರಿಪದಿ, ಮೂರನೆಯ ವಾರ ಮುಕ್ತಛಂದದ ಹೊಸ ಕವಿತೆ. ನೀವು ಮೊದಲು ಮೆಚ್ಚಿದ್ದ ಕವಿಯನ್ನು ಸದ್ಯಕ್ಕೆ ದೂರ ಇಡಿ. ಅವರ ದನಿ ನಿಮ್ಮೊಳಗೆ ಈಗಾಗಲೇ ಇದೆ, ಕರೆಯದಿದ್ದರೂ ಬರುತ್ತದೆ.

ವಾರಕ್ಕೆ ಒಂದು ಕವಿತೆ ಬಾಯಿಪಾಠ ಮಾಡಿ. ಇನ್ನೊಂದನ್ನು ಕೈಬರಹದಲ್ಲಿ ನಕಲು ಮಾಡಿ. ನಕಲು ಮಾಡುವಾಗ ಕವಿ ಸಾಲನ್ನು ಎಲ್ಲಿ ಮುರಿದಿದ್ದಾರೆ ಎಂಬುದು ಕೈಗೇ ಗೊತ್ತಾಗುತ್ತದೆ. ಓದುವಾಗ ಕಣ್ಣು ಹಾರಿಸಿಕೊಂಡು ಹೋಗುವ ಜಾಗದಲ್ಲಿ ಪೆನ್ನು ನಿಲ್ಲಬೇಕಾಗುತ್ತದೆ.

ಜೊತೆಗೆ ಮಾತ್ರೆ, ಅಂದರೆ ಅಕ್ಷರ ನುಡಿಯಲು ಹಿಡಿಯುವ ಹೊತ್ತಿನ ಅಳತೆ, ಎಣಿಸುವ ಅಭ್ಯಾಸ. ಶಾಲೆಯಲ್ಲಿ ಅಂಕಕ್ಕಾಗಿ ಕಲಿತು ಮರೆತದ್ದನ್ನು ಈಗ ಬೇರೆ ಕಾರಣಕ್ಕೆ ಕಲಿಯಿರಿ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘಾಕ್ಷರ ಗುರು, ಎರಡು ಮಾತ್ರೆ. ಒತ್ತಕ್ಷರದ ಹಿಂದಿನ ಅಕ್ಷರ, ಅನುಸ್ವಾರ ಅಥವಾ ವಿಸರ್ಗವಿರುವ ಅಕ್ಷರ, ವ್ಯಂಜನವನ್ನು ಜೊತೆಗೆ ಕೂಡಿಕೊಂಡ ಅಕ್ಷರ, ಇವೂ ಗುರು. ಇಷ್ಟು ಗೊತ್ತಿದ್ದರೆ ಸಾಕು. ಈ ಎರಡು ಸಾಲು ನೋಡಿ:

ಮರಳಿ ಬಂದೆನು; ಮನೆಯ ಬಾಗಿಲು
ತೆರೆದೆ ಇದ್ದಿತು ಗಾಳಿ ಬೆಳಕಿಗೆ

'ಮರಳಿ' ಮೂರು ಮಾತ್ರೆ. 'ಬಂದೆನು' ನಾಲ್ಕು, ಏಕೆಂದರೆ 'ಬಂ' ಗುರು. 'ಮನೆಯ' ಮೂರು, 'ಬಾಗಿಲು' ನಾಲ್ಕು. ಎರಡನೆಯ ಸಾಲೂ ಹಾಗೆಯೇ: ತೆರೆದೆ, ಇದ್ದಿತು, ಗಾಳಿ, ಬೆಳಕಿಗೆ. ಮೂರು–ನಾಲ್ಕು, ಮೂರು–ನಾಲ್ಕು, ಸಾಲಿಗೆ 14 ಮಾತ್ರೆ. ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳ ನಡಿಗೆ ಇದೇ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಈ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು ಸೇರಿ 23 ಮಾತ್ರೆಯಾಗುತ್ತದೆ. ಕುಮಾರವ್ಯಾಸ ತನ್ನ ಭಾರತವನ್ನು ಹೇಳಿದ್ದು ಈ ಒಂದೇ ನಡಿಗೆಯಲ್ಲಿ. ಎರಡೂ ಸಾಲಿನ ಎರಡನೆಯ ಅಕ್ಷರ ಗಮನಿಸಿ: 'ರ', 'ರೆ'. ಅದು ಆದಿಪ್ರಾಸ. ಕೊನೆಯ ಪ್ರಾಸ ಸಾಲನ್ನು ಮುಚ್ಚುತ್ತದೆ. ಆದಿಪ್ರಾಸ ಹಾಗೆ ಮುಚ್ಚದೆ ಒಂದು ಸಾಲಿನಿಂದ ಇನ್ನೊಂದಕ್ಕೆ ತಳ್ಳುತ್ತದೆ.

ನಾಲ್ಕು ಮಾತ್ರೆಯ ಗಣಗಳು, ಅಂದರೆ ಗುಂಪುಗಳು, ಬೇರೆ ಥರ ನಡೆಯುತ್ತವೆ: 'ಗಾಳಿಗೆ ಬಾಗಿಲು ಬಡಿಯುವ ಸದ್ದಿಗೆ'. ಇದು ಸಮ ಹೆಜ್ಜೆ, ಕವಾಯತಿನ ಹಾಗೆ, ಮಂದಾನಿಲ ರಗಳೆಯದು. ಐದು ಮಾತ್ರೆಯದು ಇನ್ನೊಂದು ಬಗೆ: 'ಹೊತ್ತು ಕಳೆದಂತೆಲ್ಲ ನೆರಳು ಬೆಳೆಯುತ್ತಲಿದೆ'. ಲಲಿತ ರಗಳೆಯ ಈ ನಡಿಗೆಗೆ ತೂಗಾಟವಿದೆ, ಯೋಚಿಸುತ್ತಾ ಹೋಗುವ ಕವಿತೆಗೆ ಚೆನ್ನಾಗಿ ಒಗ್ಗುತ್ತದೆ. ಮೂರನ್ನೂ ಹತ್ತು ಹತ್ತು ಸಲ ಗಟ್ಟಿಯಾಗಿ ಹೇಳಿ. ಮೈಯಲ್ಲಿ ಆಗುವ ವ್ಯತ್ಯಾಸ ನಿಮಗೇ ತಿಳಿಯುತ್ತದೆ.

'ನಾನು ಬರೆಯುವುದು ಮುಕ್ತಛಂದದಲ್ಲಿ, ಇದೆಲ್ಲ ಯಾಕೆ' ಎಂದು ಕೇಳಬಹುದು. ಮುಕ್ತಛಂದ ಬರೆಯುವವರಿಗೇ ಇದು ಹೆಚ್ಚು ಬೇಕು ಎಂಬುದು ನನ್ನ ಅಭಿಪ್ರಾಯ. ಲಯ ಕೂಡಿಬಂದದ್ದು ತಿಳಿದಿದ್ದರೆ ತಾನೆ ಅದನ್ನು ಬೇಕೆಂದೇ ಮುರಿಯಲು ಆಗುವುದು? ಕಿವಿ ಪಳಗದೆ ಬರೆದ ಮುಕ್ತಛಂದ ಸಾಲು ಮುರಿದ ಗದ್ಯವಾಗುತ್ತದೆ. ನನ್ನ ಇಪ್ಪತ್ತರ ಹರೆಯದ ಕವಿತೆಗಳಲ್ಲಿ ಹೆಚ್ಚಿನವು ಅಂಥವು.

3. ಹಳೆಯ ಪುಸ್ತಕ ತೆರೆಯುವ ಬಗೆ

ಹಳೆಯ ಕವಿತೆಗಳನ್ನು ಓದುವುದು ಈ ಮೂರು ವಾರ ಕಳೆದ ಮೇಲೆ. ಮೊದಲೇ ಓದಿದರೆ ಹಳೆಯ ದನಿಯನ್ನೇ ಹುಡುಕುತ್ತಾ ಹೋಗುತ್ತೀರಿ, ಆ ದನಿ ಈಗ ನಿಮ್ಮ ಅಳತೆಯದಲ್ಲ. ಒಂದೇ ಸಲಕ್ಕೆ ಕೂತು, ಪೆನ್ಸಿಲ್ ಹಿಡಿದು ಓದಿ. ಜೀವಂತ ಅನಿಸಿದ ಸಾಲಿನ ಕೆಳಗೆ ಗೆರೆ. ಮತ್ತೆ ಮತ್ತೆ ಬರುವ ಪದದ ಸುತ್ತ ವೃತ್ತ. ಬೇರೊಬ್ಬರ ದನಿ ಕೇಳಿದ ಜಾಗದಲ್ಲಿ ಅಂಚಿಗೆ ಒಂದು ಅಡ್ಡಗೀಟು. ತಿದ್ದಬೇಡಿ, ಹರಿಯಬೇಡಿ.

ನನ್ನ 60 ಪುಟದ ಪುಸ್ತಕದಲ್ಲಿ ಗೆರೆ ಬಿದ್ದದ್ದು 11 ಸಾಲಿಗೆ. 'ಮೌನ' ಎಂಬ ಪದಕ್ಕೆ 34 ವೃತ್ತ. 'ಕನಸು', 'ನೆರಳು', 'ಒಡಲು', 'ಹಾದಿ' ಅದರ ಹಿಂದೆಯೇ ಇದ್ದವು. ಆ 11 ಸಾಲುಗಳನ್ನು ಹೊಸ ಪುಸ್ತಕದ ಮೊದಲ ಪುಟಕ್ಕೆ ಬರೆದುಕೊಂಡೆ. ಆ ಐದು ಪದಗಳನ್ನು ಮೂರು ತಿಂಗಳು ಮುಟ್ಟುವುದಿಲ್ಲ ಎಂದು ನಿಯಮ ಮಾಡಿಕೊಂಡೆ. ನೀವೂ ನಿಮ್ಮ ಐದು ಪದ ಗುರುತಿಸಿ ದೂರ ಇಡಿ. ಅವು ಕೆಟ್ಟ ಪದಗಳೇನೂ ಅಲ್ಲ. ಕೈಗೆ ತಾವಾಗಿಯೇ ಸಿಗುತ್ತಿದ್ದರಿಂದ ಕಣ್ಣಿಗೆ ಕೆಲಸವಿಲ್ಲದಂತಾಗಿತ್ತು.

ಹಳೆಯದನ್ನು ತಿದ್ದಬೇಡಿ ಎಂದೆ. ಇದಕ್ಕೆ ಒಂದು ದೊಡ್ಡ ಅಪವಾದವಿದೆ, ಹೇಳದೆ ಬಿಡುವುದು ಸರಿಯಲ್ಲ. ಫ್ರೆಂಚ್ ಕವಿ ಪಾಲ್ ವ್ಯಾಲೆರಿ ಇಪ್ಪತ್ತರ ಆಸುಪಾಸಿನಲ್ಲಿ ಕವಿತೆ ಬಿಟ್ಟರು. ಸುಮಾರು 20 ವರ್ಷ ಬೆಳಗಿನ ಜಾವ ಎದ್ದು ಟಿಪ್ಪಣಿ ಪುಸ್ತಕಗಳಲ್ಲಿ ಯೋಚನೆ ಬರೆದಿಟ್ಟರೇ ವಿನಾ ಕವಿತೆಯ ಕಡೆ ಹೆಚ್ಚು ತಿರುಗಲಿಲ್ಲ. 1912ರಲ್ಲಿ ಗೆಳೆಯರು ಹಳೆಯ ಕವಿತೆಗಳನ್ನು ಸೇರಿಸಿ ಪುಸ್ತಕ ಮಾಡಿ ಎಂದು ಒತ್ತಾಯಿಸಿದರು. ತಿದ್ದಲು ಕುಳಿತ ವ್ಯಾಲೆರಿ, ವಿದಾಯಕ್ಕೆಂದು ಒಂದು ಚಿಕ್ಕ ಕವಿತೆ ಸೇರಿಸೋಣ ಅಂದುಕೊಂಡರು. ಅದು ಬೆಳೆಯುತ್ತಾ ಬೆಳೆಯುತ್ತಾ 512 ಸಾಲಾಯಿತು, 1917ರಲ್ಲಿ ಪ್ರಕಟವಾಯಿತು. ಅವರ ಕೀರ್ತಿ ಶುರುವಾದದ್ದು ಆ ಕವಿತೆಯಿಂದ. ಆದರೂ ನನ್ನ ಸಲಹೆ ಬದಲಾಗುವುದಿಲ್ಲ: ತಿದ್ದುವ ಹಂಬಲ ತಡೆಯಲಾಗದಷ್ಟು ಇದ್ದರೆ, ತಿದ್ದುವ ಬದಲು ಆ ಕವಿತೆಗೆ ಇವತ್ತಿನ ನೀವು ಒಂದು ಉತ್ತರ ಬರೆಯಿರಿ.

4. ಕಂಡದ್ದನ್ನು ಬರೆದಿಡುವ ಪುಸ್ತಕ

ನಾಲ್ಕನೆಯ ವಾರದಿಂದ ಜೇಬಿನಲ್ಲಿ ಹಿಡಿಯುವ ಪುಟ್ಟ ಪುಸ್ತಕವೊಂದನ್ನು ಇಟ್ಟುಕೊಳ್ಳಿ. ಫೋನ್ ಕೂಡ ಆಗುತ್ತದೆ, ಆದರೆ ಫೋನ್ ತೆರೆದರೆ ಬೇರೆ ಹತ್ತು ವಿಷಯ ಕರೆಯುತ್ತವೆ. ದಿನಕ್ಕೆ ಮೂರು ಟಿಪ್ಪಣಿ ಸಾಕು. ನಿಯಮ ಒಂದೇ: ಕಂಡದ್ದು, ಕೇಳಿದ್ದು, ಮುಟ್ಟಿದ್ದು ಮಾತ್ರ. 'ಅಂತೆ', 'ಹಾಗೆ', 'ಇದ್ದಂತೆ' ಎಂಬ ಹೋಲಿಕೆ ಬೇಡ. ಅನಿಸಿದ್ದನ್ನೂ ಬರೆಯಬೇಡಿ.

ನನ್ನ ಪುಸ್ತಕದಿಂದ ಕೆಲವು: 'ಲಿಫ್ಟಿನ ಕನ್ನಡಿ ಮುಂದೆ ಹುಡುಗಿಯೊಬ್ಬಳು ನಗುವುದನ್ನು ಅಭ್ಯಾಸ ಮಾಡುತ್ತಿದ್ದಳು, ಬಾಗಿಲು ತೆರೆದಾಗ ನಿಲ್ಲಿಸಿದಳು.' 'ಮಳೆ ನಿಂತು ಅರ್ಧ ಗಂಟೆಯಾದರೂ ಮರದ ಕೆಳಗೆ ಮಾತ್ರ ಮಳೆ.' 'ಆಸ್ಪತ್ರೆಯ ಬೆಂಚಿನಲ್ಲಿ ಒಬ್ಬರು ತಮ್ಮ ಚೀಟಿಯ ನಂಬರನ್ನು ಬೆರಳಿನಿಂದ ಉಜ್ಜುತ್ತಿದ್ದರು.' ಇವು ಕವಿತೆಯಲ್ಲ. ಆದರೆ ಹೋಲಿಕೆಗೆ ಅವಕಾಶ ಕೊಡದಿದ್ದಾಗ ಕಣ್ಣು ಇನ್ನೊಂದು ಕ್ಷಣ ಅಲ್ಲೇ ನಿಲ್ಲುತ್ತದೆ. ಆ ಇನ್ನೊಂದು ಕ್ಷಣದಲ್ಲೇ ಸಾಮಾನ್ಯವಾಗಿ ಕವಿತೆಗೆ ಬೇಕಾದ ವಿವರ ಸಿಗುತ್ತದೆ. 'ಬಾಗಿಲು ತೆರೆದಾಗ ನಿಲ್ಲಿಸಿದಳು' ಎಂಬ ಭಾಗ ನನಗೆ ಸಿಕ್ಕಿದ್ದು ಹಾಗೆ. ಮೊದಲು ಕಂಡದ್ದು ನಗು ಮಾತ್ರ.

ಹೊತ್ತು ಮತ್ತು ಜಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಕ್ಕೆ 20 ನಿಮಿಷ, ಒಂದೇ ಹೊತ್ತು, ಒಂದೇ ಕುರ್ಚಿ. ತಪ್ಪಿದ ದಿನದ ಬಾಕಿಯನ್ನು ಮರುದಿನ ತೀರಿಸಲು ಹೋಗಬೇಡಿ.

5. ಮೊದಲ ಹನ್ನೆರಡು ಕವಿತೆಗಳು

ಐದನೆಯ ವಾರದಿಂದ ಬರೆಯಿರಿ. ಗುರಿ ಒಳ್ಳೆಯ ಕವಿತೆಯಲ್ಲ, ಮುಗಿದ ಕವಿತೆ. ಆರು ವಾರದಲ್ಲಿ 12. ಮರಳಿ ಬಂದವರನ್ನು ಹೆಚ್ಚಾಗಿ ಸೋಲಿಸುವುದು ಅರ್ಧಕ್ಕೇ ನಿಂತ ಕವಿತೆಗಳ ರಾಶಿ. ಅದಕ್ಕೇ ಪ್ರತಿಯೊಂದಕ್ಕೂ ಒಂದು ಕಟ್ಟು ಹಾಕಿಕೊಳ್ಳಿ.

ಮೊದಲ ನಾಲ್ಕು, ತಲಾ ನಾಲ್ಕೇ ಸಾಲು: ಟಿಪ್ಪಣಿ ಪುಸ್ತಕದ ಒಂದೊಂದು ವಿವರವನ್ನು ತೆಗೆದುಕೊಂಡು, ಒಂದೂ ವಿಶೇಷಣವಿಲ್ಲದೆ. ಆಮೇಲಿನ ಎರಡು ಮೂರು–ನಾಲ್ಕರ ನಡಿಗೆಯಲ್ಲಿ, ಆದಿಪ್ರಾಸದೊಂದಿಗೆ, ಆರು ಸಾಲು. ಕೃತಕ ಅನಿಸಿದರೂ ಮುಗಿಸಿ. ಒಂದು ಕವಿತೆ ಬರೀ ಪ್ರಶ್ನೆಗಳದು. ಒಂದು ಕಾಗದದ ರೂಪದ್ದು, ನೀವು ಮಾತು ಬಿಟ್ಟ ಯಾರಿಗೋ ಬರೆದದ್ದು, ಕಳಿಸಬೇಕಿಲ್ಲ. ಒಂದು ಕವಿತೆ ನಿಮ್ಮ ಕೆಲಸದ ಬಗ್ಗೆ, ಆ ಕೆಲಸದವರು ಬಳಸುವ ಪದಗಳಲ್ಲೇ. ಇದನ್ನು ಬಿಡಬೇಡಿ. ನಿಲ್ಲಿಸಿದ ವರ್ಷಗಳಲ್ಲಿ ನೀವು ಕಲಿತ ಭಾಷೆ ಅದು: ಲೆಕ್ಕಪತ್ರದ್ದು, ತರಗತಿಯದ್ದು, ವಾರ್ಡಿನದ್ದು, ಯಂತ್ರದ್ದು. ಇಪ್ಪತ್ತರ ವಯಸ್ಸಿನಲ್ಲಿ ಅದು ನಿಮ್ಮ ಬಳಿ ಇರಲಿಲ್ಲ.

ಇನ್ನೊಂದು, ಮೊದಲ ಪುಟಕ್ಕೆ ಬರೆದುಕೊಂಡ ಹಳೆಯ ಸಾಲುಗಳಲ್ಲಿ ಒಂದನ್ನು ಕೊನೆಯ ಸಾಲಾಗಿಟ್ಟು, ಅದಕ್ಕೆ ಹೊಸ ದಾರಿ ಕಟ್ಟುವುದು. ಉಳಿದ ಎರಡು ನಿಮ್ಮಿಷ್ಟ.

6. ತಿದ್ದುವುದು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಕವಿತೆ ಕವಿತೆಯಾಗುವುದು ಹೆಚ್ಚಾಗಿ ಇಲ್ಲೇ. ಬರೆದ ಕವಿತೆಯನ್ನು ಹತ್ತು ದಿನ ಮುಚ್ಚಿಟ್ಟು ಆಮೇಲೆ ತೆರೆಯಿರಿ. ನನ್ನದೇ ಒಂದು ಕರಡು ಇದು, ದೂರ ಇಟ್ಟಿದ್ದ 'ಮೌನ' ಇದರಲ್ಲೂ ನುಸುಳಿದೆ:

ಅಪ್ಪನ ನೆನಪು ಎದೆಯಾಳದಲ್ಲಿ
ನೋವಿನ ಕಡಲಾಗಿ ಉಕ್ಕುತಿದೆ
ಕಾಲದ ಹೊಡೆತಕೆ ಮಾಸದ ಚಿತ್ರ
ಮೌನದ ಗೋಡೆಯಲಿ ನಗುತಿದೆ

ಬರೆದಾಗ ಕಣ್ಣೀರು ಬಂದಿತ್ತು, ಸುಳ್ಳಲ್ಲ. ಹತ್ತು ದಿನದ ಮೇಲೆ ಓದಿದರೆ ಅದರಲ್ಲಿ ಅಪ್ಪನೇ ಇರಲಿಲ್ಲ. ಯಾರ ಅಪ್ಪನಿಗೂ ಹೊಂದುವ ನಾಲ್ಕು ಸಾಲು. ಏನು ತಪ್ಪಿದೆ ಎಂದು ಒಂದೊಂದಾಗಿ ನೋಡಿದೆ. ಕನ್ನಡದಲ್ಲಿ ಬರೆಯುವವರಿಗೆ ಪದೇಪದೇ ಎದುರಾಗುವ ಮೂರು ಗುಂಡಿಗಳು ಈ ನಾಲ್ಕು ಸಾಲಿನಲ್ಲೇ ಇವೆ.

ಮೊದಲನೆಯದು ಷಷ್ಠಿ ವಿಭಕ್ತಿಯ ರೂಪಕ. 'ನೋವಿನ ಕಡಲು', 'ಕಾಲದ ಹೊಡೆತ', 'ಮೌನದ ಗೋಡೆ'. ಕಣ್ಣಿಗೆ ಕಾಣದ ಒಂದಕ್ಕೆ 'ದ' ಅಥವಾ 'ನ' ಹಚ್ಚಿ ಕಾಣುವ ಒಂದನ್ನು ಕಟ್ಟಿಬಿಟ್ಟರೆ ರೂಪಕವಾಯಿತು ಎನಿಸುತ್ತದೆ. ಎಷ್ಟು ಬೇಕಾದರೂ ಹೀಗೆ ಕಟ್ಟಬಹುದು: ನೋವಿನ ಗೋಡೆ, ಮೌನದ ಕಡಲು. ಅದಲುಬದಲು ಮಾಡಿದರೂ ಏನೂ ಕೆಡುವುದಿಲ್ಲ ಎಂದಾದರೆ ಆ ರೂಪಕ ಏನನ್ನೂ ಹಿಡಿದಿಲ್ಲ. ಇದೇ ಪರೀಕ್ಷೆಯನ್ನು ನಿಮ್ಮ ಕವಿತೆಗೂ ಮಾಡಿ.

ಎರಡನೆಯದು ಕ್ರಿಯಾಪದದ ಪ್ರಾಸ. ನಮ್ಮ ವಾಕ್ಯ ಕ್ರಿಯಾಪದದಿಂದ ಮುಗಿಯುತ್ತದೆ. ಆದ್ದರಿಂದ ಸಾಲಿಗೊಂದು ವಾಕ್ಯ ಬರೆದರೆ 'ಉಕ್ಕುತಿದೆ', 'ನಗುತಿದೆ', 'ಹರಿಯುತಿದೆ' ಎಂದು ಅಂತ್ಯಪ್ರಾಸ ತಾನಾಗಿ ಬರುತ್ತದೆ. ಇಲ್ಲಿ ಹೊಂದಿರುವುದು ಎರಡು ಪದಗಳಲ್ಲ, ಒಂದೇ ಪ್ರತ್ಯಯ ಎರಡು ಸಲ ಬಂದಿದೆ ಅಷ್ಟೆ. ಇದರಿಂದ ಹೊರಬರಲು ವಾಕ್ಯವನ್ನು ಎರಡು ಮೂರು ಸಾಲಿಗೆ ಹರಿಯಬಿಡಿ, ಇಲ್ಲವೇ ಕ್ರಿಯಾಪದವನ್ನು ಸಾಲಿನ ನಡುವೆ ತನ್ನಿ. ನಾಮಪದದಲ್ಲೂ ಸಾಲು ಮುಗಿಯಬಹುದು.

ಮೂರನೆಯದು ಒತ್ತು ಬಿಡುವುದು. 'ಹೊಡೆತಕ್ಕೆ' ಹೋಗಿ 'ಹೊಡೆತಕೆ', 'ಗೋಡೆಯಲ್ಲಿ' ಹೋಗಿ 'ಗೋಡೆಯಲಿ', 'ಉಕ್ಕುತ್ತಿದೆ' ಹೋಗಿ 'ಉಕ್ಕುತಿದೆ'. ಹಾಡಿಗೆ, ಮಾತ್ರೆಯ ಲೆಕ್ಕಕ್ಕೆ ಇದು ಬೇಕಾಗುತ್ತದೆ, ತಪ್ಪೇನಿಲ್ಲ. ಆದರೆ ಲೆಕ್ಕವೇ ಇಲ್ಲದ ಕಡೆ ಕವಿತೆಯ ಹಾಗೆ ಕಾಣಲಿ ಎಂದು ಒತ್ತು ಬಿಟ್ಟರೆ ಅದು ಬರೀ ವೇಷ. ಒತ್ತನ್ನು ಮರಳಿ ಹಾಕಿ ಓದಿ. ಸಾಲು ಕುಸಿದರೆ ಅದಕ್ಕೆ ಮೊದಲೇ ಬೆನ್ನೆಲುಬು ಇರಲಿಲ್ಲ.

ಆಮೇಲೆ ಟಿಪ್ಪಣಿ ಪುಸ್ತಕಕ್ಕೆ ಹೋದೆ. ಅಲ್ಲಿ ಒಂದು ಸಾಲಿತ್ತು: 'ಅಪ್ಪನ ಓದುವ ಕನ್ನಡಕ ಹಾಕಿಕೊಂಡೆ, ದೂರದ್ದು ಕಾಣಲಿಲ್ಲ.' ಅದರಿಂದ ಎರಡನೆಯ ಕರಡು:

ಅಪ್ಪನ ಕನ್ನಡಕ
ಡ್ರಾಯರಿನಲ್ಲಿ ಇನ್ನೂ ಇದೆ.
ಒಮ್ಮೆ ಹಾಕಿಕೊಂಡೆ:
ದೂರದ್ದೆಲ್ಲ ಮಸುಕು,
ಅಂಗೈ ಗೆರೆ ಮಾತ್ರ ಸ್ಪಷ್ಟ.
ಅಪ್ಪ ಕಂಡ ಲೋಕ ಇದೇ ಇರಬೇಕು.

ಕೊನೆಯ ಸಾಲನ್ನು ಬಹಳ ದಿನ ಇಟ್ಟುಕೊಂಡಿದ್ದೆ. ಅದೇ ಕವಿತೆಯ ತಿರುಳು ಅನಿಸಿತ್ತು. ಆದರೆ ಗಟ್ಟಿಯಾಗಿ ಓದಿದಾಗಲೆಲ್ಲ ಅಲ್ಲಿಗೆ ಬಂದು ನನ್ನ ದನಿ ಬದಲಾಗುತ್ತಿತ್ತು, ತರಗತಿಯಲ್ಲಿ ವಿವರಿಸುವ ದನಿ. ಅದನ್ನು ತೆಗೆದೆ. 'ಇನ್ನೂ ಇದೆ' ಎಂಬುದನ್ನು 'ಇದೆ, ಇನ್ನೂ' ಎಂದು ತಿರುಗಿಸಿದೆ. ಗದ್ಯದ ಕ್ರಮದಲ್ಲಿ ಅದು ಮಾಹಿತಿಯಾಗಿತ್ತು. ತಿರುಗಿಸಿದಾಗ 'ಇನ್ನೂ' ಸಾಲಿನ ತುದಿಯಲ್ಲಿ ಒಂಟಿಯಾಗಿ ನಿಂತಿತು, ದೀರ್ಘದ ಮೇಲೆ ಉಸಿರು ಸ್ವಲ್ಪ ಹೊತ್ತು ತಂಗಿತು.

ಅಪ್ಪನ ಕನ್ನಡಕ
ಡ್ರಾಯರಿನಲ್ಲಿ ಇದೆ, ಇನ್ನೂ.
ಒಮ್ಮೆ ಹಾಕಿಕೊಂಡೆ:
ದೂರದ್ದೆಲ್ಲ ಮಸುಕು,
ಅಂಗೈ ಗೆರೆ ಮಾತ್ರ ಸ್ಪಷ್ಟ.

ಇದು ದೊಡ್ಡ ಕವಿತೆಯೇನಲ್ಲ. ಆದರೆ ಇದರೊಳಗೆ ನನ್ನ ಅಪ್ಪ ಇದ್ದಾರೆ.

ಕೊನೆಯ ಸಾಲನ್ನು ಮುಚ್ಚಿ ಓದುವುದನ್ನು ನೀವೂ ಅಭ್ಯಾಸ ಮಾಡಿಕೊಳ್ಳಿ. ಮೊದಲ ಸಾಲನ್ನೂ. ಮೊದಲ ಸಾಲು ಹಲವು ಸಲ ಕವಿ ಗಂಟಲು ಸರಿಮಾಡಿಕೊಂಡ ಸದ್ದು, ಕವಿತೆ ಎರಡನೆಯದರಿಂದ ಶುರುವಾಗಿರುತ್ತದೆ.

7. ಒಬ್ಬ ಓದುಗ

12 ಕವಿತೆ ಮುಗಿದ ಮೇಲೆ, ಅದಕ್ಕಿಂತ ಮೊದಲಲ್ಲ, ಒಬ್ಬರಿಗೆ ತೋರಿಸಿ. ನಿಮ್ಮನ್ನು ತುಂಬಾ ಪ್ರೀತಿಸುವವರು ಬೇಡ. 'ಹೇಗಿದೆ?' ಎಂದು ಕೇಳಬೇಡಿ. ಆ ಪ್ರಶ್ನೆಗೆ 'ಚೆನ್ನಾಗಿದೆ' ಬಿಟ್ಟು ಬೇರೆ ಉತ್ತರ ಕೊಡುವುದು ಕಷ್ಟ. ಬದಲಿಗೆ ಹೀಗೆ ಕೇಳಿ: ಓದುತ್ತಾ ಗಮನ ಎಲ್ಲಿ ತಪ್ಪಿತು? ನಾಳೆಗೂ ನೆನಪಿರಬಹುದಾದ ಸಾಲು ಯಾವುದು? ನಿನಗೆ ಮೊದಲೇ ಗೊತ್ತಿದ್ದದ್ದನ್ನು ಎಲ್ಲಿ ಹೇಳಿದ್ದೇನೆ? ಉತ್ತರ ಬರೆದುಕೊಳ್ಳಿ, ಸಮರ್ಥಿಸಿಕೊಳ್ಳಬೇಡಿ.

ಸಾಮಾಜಿಕ ಜಾಲತಾಣದಲ್ಲಿ ಹಾಕುವುದನ್ನು ಕವಿತೆ ಮುಗಿದು ಒಂದು ತಿಂಗಳಾಗುವವರೆಗೆ ತಡೆಯಿರಿ. ಹಾಕಿದ ಮೇಲೆ ಅದನ್ನು ತಿದ್ದುವ ಮನಸ್ಸು ನಮ್ಮಲ್ಲಿ ಉಳಿಯುವುದಿಲ್ಲ, ಮೆಚ್ಚುಗೆ ಬಂದರಂತೂ ಇನ್ನೂ ಇಲ್ಲ.

8. ಉಳಿದ ಕೆಲಸಗಳ ಜೊತೆ ಕವಿತೆಯ ಜಾಗ

ಕವಿತೆಗೆ ಮರಳಿದವರು ಕಾದಂಬರಿ, ಚಿತ್ರ, ಸಂಗೀತ, ಪಾಠ, ಅನುವಾದ, ಹೀಗೆ ಬೇರೆ ಏನನ್ನೋ ಮಾಡುತ್ತಲೇ ಇರುತ್ತಾರೆ. ಯಾವುದನ್ನು ಬಿಡಬೇಕು ಎಂಬ ಚಿಂತೆ ಕಾಡುತ್ತದೆ. ಹೆಚ್ಚಿನವರು ಏನನ್ನೂ ಬಿಡಬೇಕಾಗಿಲ್ಲ. ಅಮೆರಿಕದ ಕವಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ವೈದ್ಯರಾಗಿದ್ದರು, ಔಷಧಿ ಚೀಟಿಗಳ ಮೇಲೂ ಸಾಲು ಗೀಚಿಕೊಳ್ಳುತ್ತಿದ್ದರು. ಅಲ್ಲಿಯವರೇ ಆದ ಕವಿ ವ್ಯಾಲೇಸ್ ಸ್ಟೀವನ್ಸ್ ವಿಮಾ ಕಂಪನಿಯಲ್ಲಿದ್ದರು, ಕಚೇರಿಗೆ ನಡೆದುಹೋಗುವಾಗ ಮನಸ್ಸಿನಲ್ಲೇ ಕವಿತೆ ಕಟ್ಟುತ್ತಿದ್ದರು. ನಡೆಯುತ್ತಾ ಕಟ್ಟಿದ ಸಾಲಿಗೆ ಹೆಜ್ಜೆಯ ತಾಳ ತಾನಾಗಿ ಸಿಗುತ್ತದೆ. ಒಮ್ಮೆ ಮಾಡಿ ನೋಡಿ.

ಇಂಗ್ಲಿಷ್ ಲೇಖಕ ಥಾಮಸ್ ಹಾರ್ಡಿಯವರ ದಾರಿ ನನಗೆ ತುಂಬಾ ಹತ್ತಿರದ್ದು. 1860ರ ದಶಕದಲ್ಲಿ ಬರೆದ ಕವಿತೆಗಳನ್ನು ಯಾರೂ ಪ್ರಕಟಿಸಲಿಲ್ಲ, ಅವರು ಕಾದಂಬರಿಗೆ ಹೊರಳಿದರು, ಅದರಲ್ಲಿ ಪ್ರಸಿದ್ಧರೂ ಆದರು. 1895ರ ಕಾದಂಬರಿಗೆ ಬಂದ ಕಟು ಟೀಕೆಯ ನಂತರ ಹೊಸ ಕಾದಂಬರಿ ಬರೆಯುವುದನ್ನು ಬಿಟ್ಟರು. 1898ರಲ್ಲಿ, 58ನೆಯ ವಯಸ್ಸಿನಲ್ಲಿ, ಮೊದಲ ಕವನ ಸಂಕಲನ ತಂದರು. ಅದರಲ್ಲಿ 30 ವರ್ಷದ ಹಿಂದಿನ ಕವಿತೆಗಳೂ ಇದ್ದವು. 1928ರಲ್ಲಿ ತೀರಿಕೊಳ್ಳುವವರೆಗೂ ಕವಿತೆಯನ್ನು ಬಿಡಲಿಲ್ಲ.

ಕವಿತೆ ಉಳಿದ ಕೆಲಸಕ್ಕೆ ಏನು ಕೊಡುತ್ತದೆ ಎಂಬುದನ್ನು ನನ್ನ ಅನುಭವದಿಂದ ಹೇಳುತ್ತೇನೆ. ಗದ್ಯದಲ್ಲಿ ಒಂದು ವಾಕ್ಯ ಸಾಧಾರಣವಾಗಿದ್ದರೂ ಮುಂದಿನದು ಅದನ್ನು ಎತ್ತಿಕೊಂಡು ಹೋಗುತ್ತದೆ. ಕವಿತೆಯಲ್ಲಿ ಆ ಆಸರೆ ಇಲ್ಲ. ಒಂದು ಪದಕ್ಕಾಗಿ ವಾರ ಕಾದವರಿಗೆ ಪತ್ರ ಬರೆಯುವಾಗಲೂ, ಪಾಠ ಮಾಡುವಾಗಲೂ ಸಡಿಲ ಮಾತು ಕಿವಿಗೆ ಚುಚ್ಚುತ್ತದೆ. ಅನುವಾದ ಮಾಡುವಾಗ ನಾನು ಮೊದಲು ಅರ್ಥ ಹುಡುಕುತ್ತಿದ್ದೆ, ಈಗ ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಹುಡುಕುತ್ತೇನೆ, ಅರ್ಥ ಅದರ ಹಿಂದೆಯೇ ಬರುತ್ತದೆ. ಎರಡೂ ಕೆಲಸಕ್ಕೆ ಒಂದೇ ಹೊತ್ತು ಇಡಬೇಡಿ, ಅಷ್ಟೆ. ಬೆಳಗಿನ 20 ನಿಮಿಷ ಕವಿತೆಯದಾದರೆ ಅದನ್ನು ಯಾವ ಗಡುವಿಗೂ ಸಾಲ ಕೊಡಬೇಡಿ.

ಕವಿತೆ ಮನಸ್ಸಿನ ನೋವನ್ನು ಕಳೆಯಲಿ ಎಂದು ಅದರ ಮೇಲೆ ಭಾರ ಹೇರುವುದೂ ಬೇಡ. ಹಗುರವಾಗಬೇಕಿದ್ದರೆ ದಿನಚರಿ ಬರೆಯಿರಿ, ಗೆಳೆಯರ ಹತ್ತಿರ ಮಾತಾಡಿ, ಅಗತ್ಯವಿದ್ದರೆ ಆಪ್ತಸಮಾಲೋಚಕರನ್ನು ಕಾಣಿ.

9. ಮತ್ತೆ ನಿಂತರೆ

ನಿಲ್ಲುತ್ತದೆ. ಮೂರು ತಿಂಗಳಾದ ಮೇಲೆ ನನಗೆ ಏಳು ವಾರ ಒಂದು ಸಾಲೂ ಬರಲಿಲ್ಲ. ಹಿಂದಿನ ಸಲದ ಹಾಗೆ 'ಮುಗಿಯಿತು' ಎಂದು ಪುಸ್ತಕ ಮುಚ್ಚಿಡಲಿಲ್ಲ. ಬರೆಯುವ 20 ನಿಮಿಷವನ್ನು ಹಾಗೇ ಉಳಿಸಿಕೊಂಡು, ಆ ಹೊತ್ತಿನಲ್ಲಿ ಎರಡನೆಯ ಹೆಜ್ಜೆಗೆ ಹಿಂದಿರುಗಿದೆ: ಗಟ್ಟಿಯಾಗಿ ಓದುವುದು, ನಕಲು ಮಾಡುವುದು, ಮಾತ್ರೆ ಎಣಿಸುವುದು. ಟಿಪ್ಪಣಿ ಪುಸ್ತಕವೂ ನಡೆಯುತ್ತಿತ್ತು. ಎಂಟನೆಯ ವಾರ ಲಿಫ್ಟಿನ ಹುಡುಗಿಯ ಟಿಪ್ಪಣಿಯನ್ನು ಓದಿಕೊಳ್ಳುವಾಗ 'ಬಾಗಿಲು ತೆರೆದಾಗ ನಿಲ್ಲಿಸಿದಳು' ಎಂಬುದು ಬಾಯಲ್ಲಿ 'ಬಾಗಿಲು ತೆರೆದೊಡನೆ' ಎಂದು ಬದಲಾಯಿತು. ಬೆರಳು ತಾನಾಗಿ ಮಾತ್ರೆ ಎಣಿಸುತ್ತಿತ್ತು. ಪೆನ್ನು ತೆಗೆದುಕೊಂಡೆ.